ಬಾಯಿಗೆ ಬಾರದ ಹೆಸರು

ಭಾನುವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಗೇಟಿನ ಹತ್ತಿರ ಇಬ್ಬರು ಹೆಂಗಸರು ಬಂದು ನಿಂತರು. ಇಸ್ತ್ರಿ ಮಾಡಿದ ಕಾಟನ್ ಸೀರೆ, ಹೆಗಲಲ್ಲೊಂದು ಬ್ಯಾಗು, ಕೈಯಲ್ಲಿ ‘ಕಾವಲಿನಬುರುಜು’ ಪತ್ರಿಕೆ. ಯೆಹೋವನ ಸಾಕ್ಷಿಗಳು. ಬಾಪೂಜಿ ನಗರದ ನಮ್ಮ ಗಲ್ಲಿಯಲ್ಲಿ ಮನೆಗಳು ಒಂದಕ್ಕೊಂದು ಒತ್ತಿಕೊಂಡೇ ಇವೆ. ಒಂದು ಗೇಟಿನಲ್ಲಿ ಆಡಿದ ಮಾತು ನಾಲ್ಕು ಮನೆಗೆ ಕೇಳುತ್ತದೆ. ಅಮ್ಮ ಬಾಗಿಲ ಮೆಟ್ಟಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದರು. ಬಂದವರಲ್ಲಿ ಹಿರಿಯಾಕೆ ಮೆತ್ತಗೆ ಕೇಳಿದರು: “ಅಮ್ಮಾ, ದೇವರಿಗೆ ಒಂದು ಸ್ವಂತ ಹೆಸರಿದೆ ಅಂತ ನಿಮಗೆ ಗೊತ್ತಾ?”

ಅಮ್ಮ ಸೊಪ್ಪಿನಿಂದ ಕಣ್ಣೆತ್ತಲಿಲ್ಲ. “ಇರುತ್ತೆ ಬಿಡಮ್ಮ. ಹೆಸರು ಹಿಡಿದು ಕರೆಯೋಕೆ ಅವನೇನು ನನ್ನ ತಮ್ಮನಾ?”

ಇಬ್ಬರೂ ನಕ್ಕರು. ನೀರು ಕೇಳಿ ಕುಡಿದರು, ಪತ್ರಿಕೆ ಕೊಟ್ಟು ಪಕ್ಕದ ಮನೆಗೆ ಹೋದರು. ಅಷ್ಟೇ ನಡೆದದ್ದು. ಆದರೂ ಆ ಪ್ರಶ್ನೆ, ಈ ಉತ್ತರ ಎರಡೂ ಬಹಳ ದಿನ ನನ್ನೊಳಗೆ ಉಳಿದವು. ಕೇಳಿದವರ ಹಿಂದೆ ಎರಡೂವರೆ ಸಾವಿರ ವರ್ಷದ ಒಂದು ತಕರಾರಿದೆ, ಅದು ಅವರಿಗೆ ಗೊತ್ತಿತ್ತು. ಉತ್ತರ ಕೊಟ್ಟವರೂ ಅದೇ ತಕರಾರಿನ ಇನ್ನೊಂದು ಪಕ್ಷದಲ್ಲಿ ನಿಂತು ಮಾತಾಡಿದ್ದರು, ಇದು ಅವರಿಗೆ ಗೊತ್ತಿರಲಿಲ್ಲ.

ಅಮ್ಮ ಅಪ್ಪನ ಹೆಸರು ಹೇಳಿದ್ದನ್ನು ನಾನು ಕೇಳಿಲ್ಲ. ಅಪ್ಪ ಇದ್ದಾಗ ‘ನಮ್ಮನೆಯವ್ರು’, ‘ಯಜಮಾನ್ರು’. ಹೋದ ಮೇಲೂ ಅದೇ. ಅಪ್ಪನ ಹೆಸರಿನಲ್ಲಿ ಮೈಸೂರು ರಸ್ತೆಯ ನಮ್ಮ ಪ್ರಸಿದ್ಧ ದೇವರ ಹೆಸರು ಸೇರಿತ್ತು. ಹಾಗಾಗಿ ಊರಿಗೆಲ್ಲ ಗಾಳಿ ಆಂಜನೇಯನ ಗುಡಿಯಾದದ್ದು ಅಮ್ಮನಿಗೆ ಮಾತ್ರ ‘ಗಾಳಿ ದೇವ್ರ ಗುಡಿ’. ಗಂಡನ ಹೆಸರು ಬಾಯಿಗೆ ಬಂದೀತೆಂದು ದೇವರ ಹೆಸರನ್ನೂ ಬಿಟ್ಟವರು ಅವರು. ಆಟೊದವರಿಗೆ ಅರ್ಥವಾಗದೆ ಎಷ್ಟೋ ಸಲ ನಾನೇ ನಡುವೆ ಬಾಯಿ ಹಾಕಿ ಹೇಳಬೇಕಾಗಿತ್ತು.

ಪಿಂಚಣಿಯ ಕೆಲಸಕ್ಕೆ ಒಮ್ಮೆ ಬ್ಯಾಂಕಿಗೆ ಕರೆದುಕೊಂಡು ಹೋಗಿದ್ದೆ. ಕೌಂಟರಿನ ಹುಡುಗಿ ಫಾರಂ ನೋಡುತ್ತ ಕೇಳಿದಳು: “ಯಜಮಾನ್ರ ಹೆಸ್ರೇನಮ್ಮ?” ಅಮ್ಮ ನನ್ನ ಮುಖ ನೋಡಿದರು. “ನೀವೇ ಹೇಳಿ ಅಮ್ಮ, ಪರವಾಗಿಲ್ಲ.” ಅಮ್ಮ ಸೆರಗು ಸರಿ ಮಾಡಿಕೊಂಡು, ನನ್ನ ಕಡೆ ಕೈ ತೋರಿಸಿ, “ಇವ್ನಪ್ಪ” ಎಂದರು. ಕ್ಯೂನಲ್ಲಿದ್ದ ವಯಸ್ಸಾದವರಿಬ್ಬರು ತಲೆಯಾಡಿಸಿದರು. ಅವರಿಗೆ ಅದು ಪೂರ್ತಿ ಉತ್ತರ. ಉತ್ತರ ಕರ್ನಾಟಕದಲ್ಲಾದರೆ ಮದುವೆಮನೆಯಲ್ಲಿ ಒಡಪು ಕಟ್ಟಿ ಅದರ ನಡುವೆ ಗಂಡನ ಹೆಸರನ್ನು ತೂರಿಸಿ ಹೇಳಿ ಓಡಿಹೋಗುವ ಸಂಭ್ರಮವಿದೆ. ನಮ್ಮ ಕಡೆ ಅದೂ ಇಲ್ಲ.

ಇದನ್ನು ಹೆಣ್ಣಿನ ಮೇಲೆ ಹೇರಿದ ಕಟ್ಟುಪಾಡು ಎನ್ನಬಹುದು. ಹೌದು, ಹೇರಿದ್ದೇ. ಅಪ್ಪ ಅಮ್ಮನ ಹೆಸರು ಹಿಡಿದು ಧಾರಾಳವಾಗಿ ಕೂಗುತ್ತಿದ್ದರು. ಆದರೆ ಆ ‘ಇವ್ನಪ್ಪ’ ಎನ್ನುವಾಗ ಅಮ್ಮನ ದನಿಯಲ್ಲಿದ್ದದ್ದು ಬರೀ ಹೆದರಿಕೆ ಎಂದು ನನಗೆ ಅನಿಸಿಲ್ಲ.

ಯೆಹೂದಿಗಳು ತಮ್ಮ ದೇವರ ಜೊತೆ ಮಾಡಿದ್ದು ಹೆಚ್ಚುಕಡಿಮೆ ಇದನ್ನೇ. ಹೀಬ್ರೂ ಬೈಬಲ್ಲಿನಲ್ಲಿ ದೇವರ ಸ್ವಂತ ಹೆಸರು ನಾಲ್ಕು ಅಕ್ಷರದ್ದು: ಯೋದ್, ಹೇ, ವಾವ್, ಹೇ. ಅದು ಸುಮಾರು 6,800 ಸಲ ಬರುತ್ತದೆ. ಹೆಸರನ್ನು ವ್ಯರ್ಥವಾಗಿ ಎತ್ತಬಾರದೆಂಬ ಆಜ್ಞೆ ಬಿಗಿಯಾಗುತ್ತ ಬಿಗಿಯಾಗುತ್ತ ಕೊನೆಗೆ ಯೆರೂಸಲೇಮಿನ ದೇವಾಲಯದಲ್ಲಿ ಮಹಾಯಾಜಕನ ಬಾಯಿಗಷ್ಟೇ ಅದು ಉಳಿಯಿತು. ಕ್ರಿ.ಶ. 70ರಲ್ಲಿ ರೋಮನ್ನರು ಆ ದೇವಾಲಯವನ್ನು ಕೆಡವಿದ ಮೇಲೆ ಆ ಬಾಯಿಯೂ ಇಲ್ಲವಾಯಿತು. ಗ್ರಂಥ ಓದುವವನು ಆ ನಾಲ್ಕು ಅಕ್ಷರ ಕಂಡಲ್ಲಿ ‘ಅದೋನಾಯ್’ ಎನ್ನುತ್ತಾನೆ. ‘ನನ್ನ ಒಡೆಯ’ ಎಂದರ್ಥ, ಅಂದರೆ ಯಜಮಾನ್ರು. ಮನೆಮಾತಿನಲ್ಲಾದರೆ ‘ಹಾಷೆಮ್’ ಎನ್ನುತ್ತಾರೆ, ‘ಆ ಹೆಸರು’ ಎಂದಷ್ಟೇ ಅರ್ಥ. ಇವ್ನಪ್ಪ.

ಮಾತಿಗೆ ಬಾರದಿದ್ದರೂ ಬರಹದಲ್ಲಿ ಹೆಸರನ್ನು ಅವರು ಒಂದಿಷ್ಟೂ ಮುಟ್ಟಲಿಲ್ಲ. ಮೃತ ಸಮುದ್ರದ ಬಳಿಯ ಗುಹೆಗಳಲ್ಲಿ ಸಿಕ್ಕ ಸುರುಳಿಗಳಲ್ಲಿ ಕೆಲವೆಡೆ ಸುತ್ತಲಿನ ಬರಹವೆಲ್ಲ ಆ ಕಾಲದ ಲಿಪಿಯಲ್ಲಿದ್ದರೆ, ಈ ನಾಲ್ಕು ಅಕ್ಷರ ಮಾತ್ರ ಅದಕ್ಕೂ ಹಳೆಯ ಲಿಪಿಯಲ್ಲಿದೆ. ಇಂದಿನ ದಿನಪತ್ರಿಕೆಯ ನಡುವೆ ಒಂದು ಪದ ಮಾತ್ರ ಹಲ್ಮಿಡಿ ಶಾಸನದ ಅಕ್ಷರದಲ್ಲಿ ಅಚ್ಚಾದಂತೆ. ಆ ಹೆಸರಿರುವ ಹರಿದ ಹಾಳೆಯನ್ನೂ ಅವರು ಕಸಕ್ಕೆ ಎಸೆಯುವುದಿಲ್ಲ, ಕೂಡಿಟ್ಟು ಮಣ್ಣು ಮಾಡುತ್ತಾರೆ. ದೇವರ ಪಟವಿರುವ ಹಳೆಯ ಕ್ಯಾಲೆಂಡರನ್ನು ರದ್ದಿಗೆ ಹಾಕಲಾರದೆ ಅರಳಿಕಟ್ಟೆಗೆ ಕೊಂಡುಹೋಗಿ ಒರಗಿಸಿ ಬರುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿಂದ ಮುಂದೆ ಕಥೆ ಸ್ವಲ್ಪ ಗೋಜಲು. ಹೀಬ್ರೂ ಬರಹದಲ್ಲಿ ಮೂಲತಃ ವ್ಯಂಜನಗಳಷ್ಟೇ ಇದ್ದವು. ಮಸೋರೆಟರೆಂಬ ವಿದ್ವಾಂಸರು ಸ್ವರಚಿಹ್ನೆಗಳನ್ನು, ನಮ್ಮ ಲೆಕ್ಕದಲ್ಲಿ ಕಾಗುಣಿತವನ್ನು, ಹಚ್ಚಿದ್ದು ಕ್ರಿಸ್ತನಾಗಿ ನೂರಾರು ವರ್ಷಗಳ ಮೇಲೆ. ಈ ನಾಲ್ಕು ಅಕ್ಷರಕ್ಕೆ ಬಂದಾಗ ಅವರು ‘ಇಲ್ಲಿ ಅದೋನಾಯ್ ಎಂದು ಓದಿಕೋ’ ಎಂಬ ಸೂಚನೆಗಾಗಿ ಅದೋನಾಯ್ ಪದದ ಸ್ವರಗಳನ್ನು ಇಟ್ಟರು. ಬರೆದದ್ದು ಒಂದು, ಓದುವುದು ಒಂದು. ಬರೆದದ್ದಕ್ಕೆ ‘ಕೆತೀವ್’, ಓದಿಗೆ ‘ಕೆರೇ’ ಎಂದು ಅವರಲ್ಲಿ ಹೆಸರೇ ಇದೆ. ಒಳಗಿನವರಿಗೆ ಇದರಲ್ಲಿ ತೊಡಕಿರಲಿಲ್ಲ. ಹೊರಗಿನವರು ಎರಡನ್ನೂ ಕೂಡಿಸಿ ಓದಿದರು.

ನಮ್ಮಲ್ಲೊಬ್ಬ ಮುನಿಯ ಇದ್ದಾನೆನ್ನಿ. ಕಾಗುಣಿತವಿಲ್ಲದೆ ಬರೆದರೆ ಮ, ನ, ಯ. ಹೆಸರು ಹೇಳಬೇಡ, ‘ಒಡೆಯ’ ಎನ್ನು ಎಂದು ನೆನಪಿಸಲು ಆ ಮೂರು ಅಕ್ಷರಕ್ಕೆ ಒಡೆಯದ ಸ್ವರಗಳನ್ನು, ಒ, ಎ, ಅ ಎಂದು, ಹಚ್ಚಿದರೆನ್ನಿ. ದೂರದೂರಿನಿಂದ ಬಂದವನೊಬ್ಬ ಅದನ್ನು ಕಂಡಂತೆ ಓದುತ್ತಾನೆ: ‘ಮೊನೆಯ’. ಮುನಿಯನನ್ನು ಹಾಗೆ ಅವನ ಹೆತ್ತವರೂ ಕರೆದಿಲ್ಲ, ಆಳುಗಳೂ ಕರೆದಿಲ್ಲ. ‘ಯೆಹೋವ’ ಹುಟ್ಟಿದ್ದು ಹೀಗೆ. ವಿಲಿಯಂ ಟಿಂಡೇಲ್ 1530ರಲ್ಲಿ ಅಚ್ಚು ಮಾಡಿಸಿದ ಇಂಗ್ಲಿಷ್ ಅನುವಾದದಲ್ಲಿ ಈ ರೂಪ ಬಂತು. ಆಗ ಇಂಗ್ಲಿಷಿನಲ್ಲಿ ಐ ಮತ್ತು ಜೆ ಇನ್ನೂ ಬೇರೆಯಾಗಿರಲಿಲ್ಲ. ಬೇರೆಯಾದ ಮೇಲೆ ಅದು ‘ಜೆಹೋವ’ ಆಯಿತು. ಈಗಿನ ಬಹುಪಾಲು ವಿದ್ವಾಂಸರು ಮೂಲ ಉಚ್ಚಾರ ‘ಯಾಹ್ವೆ’ ಇದ್ದಿರಬಹುದೆಂದು ಊಹಿಸುತ್ತಾರೆ. ಕೇಳಿದವರು ಯಾರೂ ಉಳಿದಿಲ್ಲ.

ಇಂಗ್ಲಿಷ್ ಬೈಬಲ್ಲು ನಾನೂರು ವರ್ಷಗಳಿಂದ ಈ ಹೆಸರಿನೊಂದಿಗೆ ಕಣ್ಣಾಮುಚ್ಚಾಲೆ ಆಡುತ್ತಿದೆ. 1611ರ ಕಿಂಗ್ ಜೇಮ್ಸ್ ಆವೃತ್ತಿ ಬೆರಳೆಣಿಕೆಯ ಕಡೆ ಮಾತ್ರ ಹೆಸರಿಟ್ಟು, ಉಳಿದೆಡೆಯೆಲ್ಲ ‘ಲಾರ್ಡ್’ ಎಂದು ದೊಡ್ಡಕ್ಷರದಲ್ಲಿ ಅಚ್ಚು ಹಾಕಿತು. 1901ರ ಅಮೆರಿಕನ್ ಆವೃತ್ತಿ ಎಲ್ಲ ಕಡೆ ‘ಜೆಹೋವ’ ತಂದಿತು. ಅದರದೇ ಪರಿಷ್ಕರಣವಾದ 1952ರ ಆವೃತ್ತಿ ಮರಳಿ ‘ಲಾರ್ಡ್’ಗೆ ಹೋಯಿತು. ಕಥೋಲಿಕರ ಜೆರೂಸಲೆಮ್ ಬೈಬಲ್ 1966ರಲ್ಲಿ ‘ಯಾಹ್ವೆ’ ಎಂದಿತು. 2008ರಲ್ಲಿ ವ್ಯಾಟಿಕನ್ ಪೂಜಾವಿಧಿಯಲ್ಲಿ ಆ ಹೆಸರನ್ನು ಉಚ್ಚರಿಸಬೇಡಿ ಎಂದು ಪತ್ರ ಬರೆಯಿತು. ಇದರ ನಡುವೆ, ಮೂಲ ಹೆಸರನ್ನು ತಂದಿಡುವುದೇ ಧರ್ಮವೆಂದು ನಂಬಿದವರು ತಮ್ಮದೇ ಬೈಬಲ್ಲುಗಳನ್ನು ಅಚ್ಚು ಹಾಕಿದರು. ಏಂಜೆಲೊ ಟ್ರೈನಾ ಎಂಬವರದು 1963ರಲ್ಲಿ ಪೂರ್ತಿಯಾಯಿತು. 2021ರ ಲೆಗಸಿ ಸ್ಟ್ಯಾಂಡರ್ಡ್ ಬೈಬಲ್ ಮತ್ತೆ ‘ಯಾಹ್ವೆ’.

ಕನ್ನಡ ಬೈಬಲ್ಲಿಗೆ ಈ ಪೇಚಾಟ ಅಷ್ಟಾಗಿ ಬರಲಿಲ್ಲ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕನ್ನಡ ಕಲಿತು ಅನುವಾದ ಮಾಡುತ್ತ ಕೂತರು. ಇಡೀ ಬೈಬಲ್ ಕನ್ನಡದಲ್ಲಿ ಬರುವಾಗ 1830ರ ದಶಕ ಶುರುವಾಗಿತ್ತು. ಪ್ರೊಟೆಸ್ಟಂಟರು ಹೆಚ್ಚಾಗಿ ಓದುವ ಸತ್ಯವೇದದಲ್ಲಿ ಇವತ್ತಿಗೂ ಎಲ್ಲ ಕಡೆ ‘ಯೆಹೋವ’ನೇ ಇರುವುದು. ಇಂಗ್ಲಿಷಿನವರ ‘ಜ’ ನಮಗೆ ಅಂಟಲಿಲ್ಲ, ಹೀಬ್ರೂವಿನ ‘ಯ’ವೇ ಉಳಿಯಿತು, ‘ಯೇಸು’ವಿನಲ್ಲೂ ಅಷ್ಟೆ. ಕಥೋಲಿಕರು ಬಳಸುವ ಅನುವಾದದಲ್ಲಿ ಅದೇ ಜಾಗದಲ್ಲಿ ‘ಸರ್ವೇಶ್ವರ’ ಎಂದಿದೆ. ಸೀನಾಯಿ ಬೆಟ್ಟದ ದೇವರು ಕನ್ನಡಕ್ಕೆ ಬಂದು ಈಶ್ವರನಾದ. ಇದರಲ್ಲಿ ಕೊರತೆ ಕಾಣುವವರು ಕಾಣಲಿ, ನನಗೆ ಇದು ಆಪ್ತವಾಗಿಯೇ ಕೇಳಿಸುತ್ತದೆ. ಮೈಸೂರು ರಸ್ತೆಯ ಸಿಗ್ನಲ್ಲಿನಲ್ಲಿ ‘ಯೆಹೋವ ಯೀರೆ’ ಎಂದು ಹಿಂದೆ ಬರೆಸಿದ ಆಟೊ, ‘ಶ್ರೀ ಗಾಳಿ ಆಂಜನೇಯ ಪ್ರಸನ್ನ’ ಎಂದು ಬರೆಸಿದ ಆಟೊ ಅಕ್ಕಪಕ್ಕ ಹೊಗೆ ಬಿಡುತ್ತ ನಿಂತಿರುತ್ತವೆ.

ಬೈಬಲ್ಲನ್ನು ಕನ್ನಡಕ್ಕೆ ತಂದವರಿಗೆ ತಾನಾಗಿಯೇ ಒದಗಿದ ಒಂದು ಸಂಪತ್ತಿತ್ತು, ಅದನ್ನು ಹೇಳದೆ ಮುಂದೆ ಹೋಗಲಾರೆ. ಹೀಬ್ರೂವಿನಲ್ಲಿ ‘ದೇವರು’ ಎಂಬುದಕ್ಕಿರುವ ಸಾಮಾನ್ಯ ಪದ ‘ಎಲೋಹೀಮ್’. ರೂಪದಲ್ಲಿ ಬಹುವಚನ, ಆದರೆ ಅದಕ್ಕೆ ಹತ್ತುವ ಕ್ರಿಯಾಪದ ಏಕವಚನ. ಇಂಗ್ಲಿಷ್ ಅನುವಾದದಲ್ಲಿ ಈ ವಿಚಿತ್ರ ಕಾಣಿಸುವುದೇ ಇಲ್ಲ. ಕನ್ನಡದಲ್ಲೋ? ‘ದೇವರು’, ‘-ರು’ ಹಚ್ಚಿದ ಪದ. ಆದರೆ ನಾವು ಹೇಳುವುದು ‘ದೇವರಿದ್ದಾನೆ ಬಿಡಿ’, ‘ದೇವರು ದೊಡ್ಡವನು’, ‘ದೇವರು ನೋಡಿಕೊಳ್ತಾನೆ’. ಗೌರವಕ್ಕೆ ಬಹುವಚನ, ಸಲಿಗೆಗೆ ಏಕವಚನ, ಎರಡೂ ಒಂದೇ ಉಸಿರಿನಲ್ಲಿ. ಅಪ್ಪನಿಗೆ ‘ಅವರು’ ಎನ್ನುವ ಅಮ್ಮ ದೇವರಿಗೆ ‘ಅವನೇನು ನನ್ನ ತಮ್ಮನಾ’ ಎಂದದ್ದು ಇದಕ್ಕೇ. ಹೆಸರು ಹಿಡಿದು ಕರೆಯಲಾರರು, ಆದರೆ ‘ಅವನು’ ಎನ್ನಬಲ್ಲರು.

ಇಷ್ಟೆಲ್ಲ ಯೋಚಿಸುತ್ತಿದ್ದಾಗ ಇದು ದೂರದ ಯೆಹೂದಿಗಳ, ಕ್ರೈಸ್ತರ ವಿಚಾರವೆಂದೇ ಇದ್ದೆ. ಆಮೇಲೆ ಹೊಳೆಯಿತು. ದೇವರ ಹೆಸರನ್ನು ಗ್ರಂಥದಲ್ಲಿ ಬದಲಿಸಿದ ತಕರಾರು ನಮ್ಮ ಮಗ್ಗುಲಲ್ಲೇ, ವಿಜಯನಗರ, ಟೋಲ್‌ಗೇಟ್ ದಾಟಿದರೆ ಸಿಗುವ ರಾಜಾಜಿನಗರದಲ್ಲೇ ಎದ್ದು ಸುಪ್ರೀಂ ಕೋರ್ಟಿನ ತನಕ ಹೋಗಿತ್ತು.

ರಾಜಾಜಿನಗರದ ಬಸವ ಮಂಟಪ ಮಾತೆ ಮಹಾದೇವಿಯವರ ವಿಶ್ವ ಕಲ್ಯಾಣ ಮಿಷನ್ನಿನ ನೆಲೆ. 1970ರಲ್ಲಿ ಜಗದ್ಗುರು ಪೀಠವೇರಿದ ಹೆಣ್ಣುಮಗಳು ಅವರು. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ಬಸವಣ್ಣನವರ ವಚನಗಳನ್ನು ಮನೆಮನೆಗೆ ಮುಟ್ಟಿಸಲು ಅವರಷ್ಟು ದುಡಿದವರು ಕಡಿಮೆ. 1990ರ ದಶಕದಲ್ಲಿ ಅವರು ತಂದ ‘ವಚನ ದೀಪ್ತಿ’ಯಲ್ಲಿ ಬಸವಣ್ಣನವರ ಅಂಕಿತವಾದ ‘ಕೂಡಲಸಂಗಮದೇವ’ದ ಜಾಗದಲ್ಲಿ ‘ಲಿಂಗದೇವ’ ಎಂದಿತ್ತು. ಲಿಂಗದೇವ ಎಂಬುದೇ ಲಿಂಗಾಯತ ಧರ್ಮದ ದೇವರ ಸರಿಯಾದ ಹೆಸರು ಎಂಬುದು ಅವರ ನಂಬಿಕೆ. ನಾಡಿನ ತುಂಬ ಗಲಾಟೆಯಾಯಿತು. 1998ರಲ್ಲಿ ಸರ್ಕಾರ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು. ಹೈಕೋರ್ಟಿನಲ್ಲಿ ಅವರಿಗೆ ಸೋಲಾಯಿತು. 2017ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಸರ್ಕಾರದ ಕ್ರಮವನ್ನೇ ಎತ್ತಿಹಿಡಿಯಿತು. 2019ರ ಮಾರ್ಚಿನಲ್ಲಿ ಮಾತಾಜಿ ಲಿಂಗೈಕ್ಯರಾದರು.

ಪುಸ್ತಕಕ್ಕೆ ಪೊಲೀಸರ ಕೈಯಿಂದ ಉತ್ತರ ಕೊಡಿಸುವುದು ನನಗೆ ಇಷ್ಟವಿಲ್ಲದ ವಿಚಾರ. ತಪ್ಪು ಪಾಠಕ್ಕೆ ಸರಿ ಪಾಠವನ್ನು ಅಚ್ಚು ಹಾಕಿ ತೋರಿಸಿದರೆ ಸಾಕಿತ್ತು. ಆದರೆ ಪಾಠ ತಪ್ಪೇ, ಅದರಲ್ಲಿ ನನಗೆ ಅನುಮಾನವಿಲ್ಲ.

ಅಂಕಿತವೆಂದರೆ ಏನೆಂದು ಒಂದು ಗಳಿಗೆ ಹತ್ತಿರದಿಂದ ನೋಡಬೇಕು. ಅದು ದೇವರ ಹೆಸರೂ ಹೌದು, ಬರೆದವರ ರುಜುವೂ ಹೌದು. ಗುಹೇಶ್ವರ ಎಂದರೆ ಅಲ್ಲಮ, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕ. ದಾಸರಿಗೂ ಹಾಗೆಯೇ, ಕಾಗಿನೆಲೆಯ ಆದಿಕೇಶವ ಎಂದ ಕೂಡಲೇ ಕನಕದಾಸರು. ಮಸೋರೆಟರ ಹೆಸರಿಗೆ ಈ ಇನ್ನೊಂದು ಹೊರೆ ಇರಲಿಲ್ಲ. ಬಿಜಾಪುರದಲ್ಲಿ ಫ. ಗು. ಹಳಕಟ್ಟಿಯವರು ಓಲೆಗರಿಯ ಕಟ್ಟುಗಳನ್ನು ಮನೆಮನೆ ತಿರುಗಿ ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ ತಂದಾಗ, ಯಾವ ವಚನ ಯಾರದು ಎಂದು ಹೇಳುತ್ತಿದ್ದದ್ದು ಕೊನೆಯಲ್ಲಿರುವ ಈ ಹೆಸರು. ಬಸವಣ್ಣನವರ ಸಾವಿರಕ್ಕೂ ಹೆಚ್ಚು ವಚನಗಳು ನಮ್ಮ ಕೈಗೆ ಸೇರಿದ್ದು ಆ ರುಜುವಿನ ಬಲದಿಂದ.

ಇನ್ನು ಆ ಪದದ ಒಳಗು. ‘ಕೂಡಲ’ ಎಂದರೆ ಕನ್ನಡದಲ್ಲಿ ಹೊಳೆಗಳು ಕೂಡುವ ಕಡೆ. ತುಂಗೆ ಭದ್ರೆ ಸೇರುವಲ್ಲಿ ಕೂಡಲಿ ಇದೆಯಲ್ಲ, ಅದೇ ಮಾತು. ‘ಸಂಗಮ’ ಎಂದರೆ ಸಂಸ್ಕೃತದಲ್ಲಿ ಅದೇ ಅರ್ಥ. ಕೃಷ್ಣೆ ಮಲಪ್ರಭೆ ಸೇರುವ ಊರಿನ ಹೆಸರಿನಲ್ಲಿ ಎರಡು ಭಾಷೆಯೂ ಹೊಳೆಗಳ ಹಾಗೆ ಕೂಡಿಕೊಂಡಿವೆ. ಎಂಟು ಅಕ್ಷರ, ಹನ್ನೊಂದು ಮಾತ್ರೆ. ಬಸವಣ್ಣ ತಮ್ಮನ್ನೇ ಜರೆದುಕೊಂಡು, ಬೇಡಿಕೊಂಡು, ಜಗಳವಾಡಿ, ಕೊನೆಗೆ ದನಿ ಎಳೆದು ಕರೆಯುವ ಹೆಸರು ಅದು. ಆ ಜಾಗಕ್ಕೆ ನಾಲ್ಕಕ್ಷರದ, ಆರು ಮಾತ್ರೆಯ ‘ಲಿಂಗದೇವ’ ಬಂದರೆ ಸಿದ್ಧಾಂತ ಸರಿಯಿರಬಹುದು, ಉಸಿರು ಸಾಲದು. ಓದಿ ನೋಡಿದರೆ ತಿಳಿಯುತ್ತದೆ, ಮೆಟ್ಟಿಲೊಂದು ಕಡಿಮೆಯಾದ ಜಾಗದಲ್ಲಿ ಕಾಲಿಟ್ಟಂತೆ.

ಮೈಸೂರಿನ ಎ. ಕೆ. ರಾಮಾನುಜನ್ 1973ರಲ್ಲಿ ವಚನಗಳನ್ನು ಇಂಗ್ಲಿಷಿಗೆ ಒಯ್ದಾಗ ಇದೇ ಕವಲಿನಲ್ಲಿ ನಿಂತಿದ್ದರು. ಕೂಡಲಸಂಗಮದೇವನನ್ನು ಅವರು ನದಿಗಳು ಸೇರುವಲ್ಲಿನ ಒಡೆಯನೆಂದು ಅನುವಾದಿಸಿದರು, ಚೆನ್ನಮಲ್ಲಿಕಾರ್ಜುನನನ್ನು ಮಲ್ಲಿಗೆಯಂತೆ ಬೆಳ್ಳಗಿನ ಒಡೆಯನೆಂದರು. ದೇವರ ದಾಸಿಮಯ್ಯನ ರಾಮನಾಥನನ್ನು ಮಾತ್ರ ಹಾಗೆಯೇ ಬಿಟ್ಟರು. ಹೆಸರನ್ನು ಹೆಸರಾಗಿಯೇ ಉಳಿಸಿದರೆ ಇಂಗ್ಲಿಷ್ ಓದುಗನಿಗೆ ಹೊಳೆ ಕಾಣುವುದಿಲ್ಲ. ಅರ್ಥ ಮಾಡಿ ಕೊಟ್ಟರೆ ಬಾಗಲಕೋಟೆ ಜಿಲ್ಲೆಯ ಆ ಊರು, ಆ ಗುಡಿ ಕಾಣುವುದಿಲ್ಲ. ಅವರನ್ನು ಯಾರೂ ಕೋರ್ಟಿಗೆ ಎಳೆಯಲಿಲ್ಲ. ಅನುವಾದ ಎಂದು ಮುಖಪುಟದಲ್ಲೇ ಹೇಳಿಕೊಂಡಿತ್ತು, ಮೂಲ ಕನ್ನಡದಲ್ಲಿ ಇದ್ದಲ್ಲೇ ಇತ್ತು.

ನನಗೆ ಮತ್ತೆ ಮತ್ತೆ ನೆನಪಾಗುವುದು ಮಸೋರೆಟರ ಉಪಾಯ. ಬರಹವನ್ನು ಮುಟ್ಟಬೇಡ, ಬಾಯಿಯನ್ನು ಕಟ್ಟಬೇಡ. ಲಿಂಗದೇವ ಎಂದು ಹಾಡಬೇಕೆನ್ನುವವರು ಹಾಡಲಿ, ಅವರ ನಾಲಿಗೆ ಅವರದು. ಹಾಳೆಯ ಮೇಲೆ ಬಸವಣ್ಣ ಇಟ್ಟದ್ದು ಇರಲಿ. ಇಂಗ್ಲಿಷಿನವರ ದೊಡ್ಡಕ್ಷರದ ‘ಲಾರ್ಡ್’ ಕೂಡ ಒಂದು ಬಗೆಯಲ್ಲಿ ಪ್ರಾಮಾಣಿಕವಾದದ್ದೇ. ಇಲ್ಲಿ ಕೆಳಗೆ ಬೇರೆ ಹೆಸರಿದೆ ಎಂದು ಅದರ ಅಚ್ಚೇ ಹೇಳುತ್ತದೆ. ಮೂಲ ಹೆಸರನ್ನು ತಂದಿಡುತ್ತೇವೆಂದು ಹೊರಟವರಿಗೂ ಒಂದು ಮಾತು ಹೇಳಬೇಕೆನಿಸುತ್ತದೆ. ನೀವು ತರುತ್ತಿರುವುದು ನಾಲ್ಕು ವ್ಯಂಜನವನ್ನು. ಆ ವ್ಯಂಜನಗಳ ಸುತ್ತ ಎರಡು ಸಾವಿರ ವರ್ಷ ಓದಿದವರು ಇಟ್ಟ ಮೌನ ಕೂಡ ಆ ಹೆಸರಿನ ಭಾಗವೇ.

ಹೆಸರು ಹೇಳದ ಗೌರವ ಬರೀ ಅಮ್ಮನಂಥ ಹಳಬರದು ಎಂದುಕೊಳ್ಳುವುದೂ ಬೇಡ. ನಮ್ಮ ಬಡಾವಣೆ ಮೋಹನದಾಸ ನಗರವಾಗಲಿಲ್ಲ, ಬಾಪೂಜಿ ನಗರವಾಯಿತು. ಆಚೆಯದು ರಾಜಗೋಪಾಲಾಚಾರಿ ನಗರವಲ್ಲ, ರಾಜಾಜಿನಗರ. ಪಕ್ಕದ್ದು ಬಸವೇಶ್ವರನಗರ. ಕಾಲೊನಿಗೆ ಹೆಸರಿಡುವಾಗಲೂ ನಾವು ‘ಇವ್ನಪ್ಪ’ ಎಂದವರೇ.

ಅವತ್ತು ಬ್ಯಾಂಕಿನಲ್ಲಿ ಕೊನೆಗೆ ಫಾರಂ ತುಂಬಿದ್ದು ನಾನು. ಅಪ್ಪನ ಪೂರ್ತಿ ಹೆಸರನ್ನು ಇನಿಷಿಯಲ್ ಸಮೇತ ಬರೆದೆ. ಅಮ್ಮ ಕನ್ನಡಕ ಏರಿಸಿಕೊಂಡು ಅಕ್ಷರ ಅಕ್ಷರ ನೋಡಿದರು. “ದೀರ್ಘ ಬಿಟ್ಟಿದೀಯ” ಎಂದು ಬೆರಳಿಟ್ಟು ತೋರಿಸಿದರು. ಹೌದು, ಬಿಟ್ಟಿದ್ದೆ. ತಿದ್ದಿದ ಮೇಲೇ ಕೆಳಗೆ ರುಜು ಹಾಕಿದ್ದು.

ಈಗ ನನ್ನ ಫೋನಿಗೆ ದಿನವೂ ಬೆಳಗ್ಗೆ ಒಂದೊಂದು ವಚನ ಬರುತ್ತದೆ, ಹೂವಿನ ಚಿತ್ರದ ಮೇಲೆ, ಶುಭೋದಯದ ಜೊತೆ. ಅವುಗಳಲ್ಲಿ ಎಷ್ಟೋ ವಚನಗಳಿಗೆ ಕೊನೆಯ ಸಾಲೇ ಇರುವುದಿಲ್ಲ. ಚಿತ್ರದಲ್ಲಿ ಜಾಗ ಸಾಲದೆ ಯಾರೋ ಅಂಕಿತವನ್ನು ಕತ್ತರಿಸಿರುತ್ತಾರೆ. ಕೂಡಲಸಂಗಮದೇವನೂ ಇಲ್ಲ, ಲಿಂಗದೇವನೂ ಇಲ್ಲ. ಇದಕ್ಕೆ ಗಲಾಟೆಯೂ ಆಗಿಲ್ಲ, ಯಾರೂ ಕೋರ್ಟಿಗೂ ಹೋಗಿಲ್ಲ. ಕಳಿಸುವವರಲ್ಲಿ ನನ್ನದೊಂದು ಕೋರಿಕೆ: ಹೂವನ್ನು ಸ್ವಲ್ಪ ಚಿಕ್ಕದು ಮಾಡಿ, ಆ ಸಾಲಿಗೆ ಜಾಗ ಬಿಡಿ.